ಬಾವಿಯ ಕಬ್ಬಿಣ, ಕಾಣದ ತಾಮ್ರ

ತಾಮ್ರಶಾಸನ ಹುಡುಕೋಕೆ ಅಗ್ಗದ ಯಂತ್ರ ಹೇಳಿ ಅಂತ ಆಗಾಗ ಕೇಳ್ತಾರೆ. ನಾನು ಮಾಡಿಕೊಂಡಿರೋದು ಕಬ್ಬಿಣದ್ದು: ಕೋಲಿನ ಎರಡು ತುದಿಗೆ ಒಂದೊಂದು ಫ್ಲಕ್ಸ್‌ಗೇಟ್ ಸಂವೇದಕ. ಎರಡರ ವ್ಯತ್ಯಾಸ ತೆಗೆದರೆ ಭೂಕಾಂತತ್ವ ಕಳೆದುಹೋಗಿ, ಹೂತ ಕಬ್ಬಿಣದ ಪ್ರಭಾವ ಉಳಿಯುತ್ತದೆ. ಆಳ ಇಮ್ಮಡಿಯಾದರೆ ಸುರುಳಿ ಡಿಟೆಕ್ಟರಿನ ಸಂಕೇತ ಸುಮಾರು 64ನೇ ಒಂದು ಪಾಲಿಗೆ ಕುಸಿಯುತ್ತದೆ. ಇದರದ್ದು 16ನೇ ಒಂದಕ್ಕೆ. ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯಲ್ಲಿ 2018ರಲ್ಲಿ ಸಿಕ್ಕ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳಂಥ ರಾಶಿಗೆ ಇದೇ ಸರಿ.

ಆದರೆ ತಾಮ್ರದ ವಿಷಯದಲ್ಲಿ ಇದು ಕುರುಡು. ಮಲೆನಾಡಿನ ಜಂಬಿಟ್ಟಿಗೆ ಕಲ್ಲೂ ಇದನ್ನ ಏಮಾರಿಸುತ್ತೆ, ನಾನೇ ಅರ್ಧ ದಿನ ಸುತ್ತಿದ್ದೇನೆ. ತಾಮ್ರಪಟಗಳು ಎಷ್ಟೋ ಸಲ ಸಿಕ್ಕಿರೋದು ಮನೆ, ಮಠಗಳ ಪೆಟ್ಟಿಗೆಯಲ್ಲಿ. ಅಲ್ಲಿಗೆ ಯಂತ್ರವೇ ಬೇಡ. ಇನ್ನು ಅಂಕಿ ಅಲುಗಿದ ಜಾಗ ನಕ್ಷೆಯಲ್ಲಿ ಗುರುತು ಹಾಕಿ ಪುರಾತತ್ವ ಇಲಾಖೆಗೆ ತಿಳಿಸ್ತೀನಿ. ಹಾರೆ ಮಾತ್ರ ಮನೆಯಲ್ಲೇ.