ಒಲವಿಗೂ ಓಲೆಗೂ ನಂಟಿಲ್ಲ

ಕೃಷ್ಣಾಷ್ಟಮಿ ಬಂತೆಂದರೆ ನಮ್ಮ ಕರಾವಳಿಯ ಮನೆಗಳ ಜಗಲಿಗೆ ಮುಂಡೇವಿನ ಓಲೆಯ ಕಟ್ಟು ಬಂದು ಬೀಳುತ್ತದೆ. ಅಂಚಿನ ಮುಳ್ಳು ಸವರಿ, ಬೆಂಕಿಗೆ ಹಿಡಿದು ಬಾಡಿಸಿದರೆ ಅದು ಹಟ ಬಿಟ್ಟು ಬಳುಕುತ್ತದೆ. ಆಮೇಲಿನದು ಬೆರಳಿನ ಕೆಲಸ. ಸುತ್ತಿನ ಮೇಲೆ ಸುತ್ತು ಏರಿಸಿ, ಕೊಳವೆ ಮಾಡಿ, ಬಿಚ್ಚಿಕೊಳ್ಳದಂತೆ ಕಡ್ಡಿ ಚುಚ್ಚಿದರೆ ಮೂಡೆ. ಹಿಟ್ಟು ಹೊಯ್ದು ಬೇಯಿಸುವುದೊಂದು ಬಾಕಿ. ನನ್ನ ಹೆಂಡತಿ ಹತ್ತು ಸುತ್ತುವ ಹೊತ್ತಿಗೆ ನಾನು ಸುತ್ತುವುದು ಒಂದು, ಅದೂ ಸೋರುತ್ತದೆ.

ಸುರುಳಿ ಸುತ್ತಿದ ಈ ಎಲೆ ಕಂಡಾಗೆಲ್ಲ ನನಗೆ ಕಿವಿಯ ಓಲೆ ನೆನಪಾಗುತ್ತದೆ. ತಾಳೆಗರಿಯ ತುಂಡನ್ನು ಹೀಗೇ ಸುತ್ತಿ ಕಿವಿಯ ತೂತಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕಾಲವಿತ್ತು. ಎಲೆ ಹೋಗಿ ಬಂಗಾರ ಬಂತು, ಹೆಸರು ಮಾತ್ರ ಕಿವಿ ಬಿಟ್ಟು ಕದಲಲಿಲ್ಲ. ವಜ್ರದೋಲೆ ಎಂದರೆ ವಜ್ರದ ಗರಿ ಎಂದಾಯಿತು, ಯಾರಿಗೂ ವಿಚಿತ್ರವೆನಿಸುವುದಿಲ್ಲ. ಮುತ್ತೈದೆತನಕ್ಕೆ ಓಲೆಭಾಗ್ಯವೆಂಬ ಹೆಸರೇ ಬಿತ್ತು. ಉತ್ತರ ಕರ್ನಾಟಕದಲ್ಲಿ ಓಲೆಯೇ ವಾಲಿ. ಊರೊಳಗೆ ಸುದ್ದಿ ಮುಟ್ಟಿಸುವ ವಾಲೀಕಾರ, ಓಲೆ ಒಯ್ಯುತ್ತಿದ್ದ ಹಳೆಯ ಓಲೆಕಾರನೇ.

ಕಿವಿಗೆ ಹೋದ ಗರಿಯೇ ಕೈಗೂ ಬಂತು. ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿದ ಗರಿಯ ಮೇಲೆ ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆಯಬೇಕು. ಕೊರೆದಾಗ ಅಕ್ಷರ ಸರಿಯಾಗಿ ಕಾಣದು. ಮೇಲೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ನಿಂತು ಮಾತು ಮೂಡುತ್ತದೆ. ಕೊರೆದದ್ದನ್ನು ಅಳಿಸುವ ಹಾಗಿಲ್ಲ, ಹಾಗಾಗಿ ಕೈಗಿಂತ ಮೊದಲು ಮನಸ್ಸು ನಿಲ್ಲಬೇಕು. ಮೂಡುಬಿದಿರೆಯಲ್ಲಿ ಜೈನರ ಧವಳಾ ಗ್ರಂಥಗಳು ಶತಮಾನಗಳನ್ನು ದಾಟಿದ್ದು ತಾಳೆಗರಿಗಳ ಮೇಲೆಯೇ. 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ಕೌಟಿಲ್ಯನ ಅರ್ಥಶಾಸ್ತ್ರವೂ ಓಲೆಯ ಕಟ್ಟೇ.

ಪತ್ರ ಎಂದರೂ ಎಲೆಯೇ ತಾನೆ, ಬಿಲ್ವಪತ್ರೆಯನ್ನು ಕೇಳಿ. ಆದರೆ ಅದು ಕಚೇರಿಯ ನೌಕರಿ ಹಿಡಿಯಿತು: ಕ್ರಯಪತ್ರ, ಪ್ರಮಾಣಪತ್ರ, ಆರೋಪಪತ್ರ. ಓಲೆಯೂ ಒಂದು ಕಾಲಕ್ಕೆ ಅರಸರ ಅಪ್ಪಣೆ ಹೊತ್ತು ತಿರುಗಿದ್ದೇ, ಈಗ ನಿವೃತ್ತವಾಗಿ ಮನೆ ಸೇರಿದೆ. ಮದುವೆಯ ಕಾರ್ಡಿನ ನೆತ್ತಿಯ ಮೇಲೆ 'ಮಮತೆಯ ಕರೆಯೋಲೆ' ಎಂದು ಕೂರುತ್ತದೆ. ತೆರಿಗೆಯ ನೋಟಿಸನ್ನು ಯಾರೂ ಓಲೆ ಎನ್ನುವುದಿಲ್ಲ. ಮಿಂಚೋಲೆ ಎಂದು ಇಮೇಲ್‌ಗೆ ಹೆಸರಿಟ್ಟವರ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಕೈಗೆ ಸಿಗದ್ದನ್ನು ಓಲೆ ಎನ್ನಲು ನನಗೆ ನಾಲಿಗೆ ಏಳದು.

ಇನ್ನು ಒಲವಿನೋಲೆ. ಹೇಳುವಾಗ ಎರಡೂ ಒಂದೇ ಬೇರಿನವು ಅನ್ನಿಸುತ್ತದೆ. ನಂಟೇನೂ ಇಲ್ಲ. ಒಲವು 'ಒಲಿ'ಯ ಮಗಳು, ಓಲೆ ಮರದ್ದು. ನೆರೆಮನೆಯ ಇಬ್ಬರಿಗೆ ಕವಿಗಳು ಗಂಟು ಹಾಕಿದರು, ಸಂಸಾರ ಚೆನ್ನಾಗಿಯೇ ನಡೆದಿದೆ.

ನಿಜವಾಗಿ ಬರೆದವರು ಯಾರೂ ಅದನ್ನು ಹಾಗೆ ಕರೆದದ್ದು ಕಾಣೆ. ನಮಗದು ಬರೀ ಕಾಗದ. ನಿಶ್ಚಿತಾರ್ಥವಾದ ಮೇಲೆ ನಾನು ಬರೆದದ್ದು ನೀಲಿ ಇನ್‌ಲ್ಯಾಂಡಿನಲ್ಲಿ, 'ಉಭಯ ಕುಶಲೋಪರಿ ಸಾಂಪ್ರತ' ಎಂದು ಶುರುಮಾಡಿ. ಅವಳ ಮನೆಯಲ್ಲಿ ಅದನ್ನು ಮೊದಲು ಮಾವನವರು ಓದಿ, ಅತ್ತೆ ಓದಿ, ಶಾಲೆಗೆ ಹೋಗುವ ಭಾವಮೈದುನ ಗಟ್ಟಿಯಾಗಿ ಓದಿದ ಮೇಲೆ ಅವಳ ಸರದಿ. ಹಾಗಾಗಿ ಮಳೆ, ಗದ್ದೆ, ದನದ ಕರು, ಇಷ್ಟೇ ವಿಷಯ. ಹೇಳಬೇಕಾದ ಎರಡು ಮಾತನ್ನು ಅಂಟು ಹಚ್ಚುವ ಮಡಿಕೆಯ ಅಂಚಿನಲ್ಲಿ ಇರುವೆಯಷ್ಟು ಚಿಕ್ಕದಾಗಿ ಬರೆಯುತ್ತಿದ್ದೆ. ಒಡೆಯುವಾಗ ಪ್ರತಿ ಸಲವೂ ಸರಿಯಾಗಿ ಅದೇ ಹರಿದುಹೋಗುತ್ತಿತ್ತಂತೆ.

"ಅಷ್ಟಕ್ಕೂ ಅಲ್ಲಿ ಎಂತ ಬರೀತಿದ್ರಿ?" ಮೊನ್ನೆ ಮೂಡೆ ಸುತ್ತುತ್ತಲೇ ಕೇಳಿದಳು.

"ಮರೆತೇ ಹೋಯ್ತು ಮಾರಾಯ್ತಿ" ಎಂದೆ. ಅವಳು ಮುಂದಿನ ಕಡ್ಡಿಯನ್ನು ಸ್ವಲ್ಪ ಜೋರಾಗಿಯೇ ಚುಚ್ಚಿದಳು.