ಕಳೆದುಹೋದ ತೊಂಬತ್ತೊಂದು

ಹಳೆಯ ಜಮೀನುಪತ್ರಗಳ ಚಕ್ಕುಬಂದಿಯನ್ನು ಓದಿದವರಿಗೆ ಒಂದು ಸಂಗತಿ ಗೊತ್ತು. ‘ಹುಣಸೆಮರದಿಂದ ಪೂರ್ವಕ್ಕೆ ನೂರು ಮಾರು’ ಎಂದು ಬರೆದಿದ್ದರೆ, ಅದು ಯಾವ ಹುಣಸೆಮರ ಎಂಬುದೇ ಮುಖ್ಯ. ಮರ ತಪ್ಪಿದರೆ, ಅಳತೆ ಎಷ್ಟೇ ಕರಾರುವಾಕ್ಕಾಗಿರಲಿ, ನಾವು ಹೋಗಿ ನಿಲ್ಲುವುದು ಪರರ ಹೊಲದಲ್ಲಿ. ಆಕಾಶದಲ್ಲಿಯೂ ಇಂಥದೊಂದು ವ್ಯಾಜ್ಯ ೧೮೮ ವರ್ಷಗಳ ಕಾಲ ನಡೆಯಿತು.

ಪ್ಯಾರಿಸಿನ ಶಾರ್ಲ್ ಮೆಸಿಯೇ ಧೂಮಕೇತುಗಳ ಬೇಟೆಗಾರ. ಧೂಮಕೇತುವೆಂಬ ಭ್ರಮೆ ಹುಟ್ಟಿಸುವ, ಆದರೆ ಕದಲದೆ ಇರುವ ಮಸುಕು ಚುಕ್ಕೆಗಳ ಪಟ್ಟಿಯೊಂದನ್ನು ಅವನು ಮಾಡಿಟ್ಟನು. ೧೭೮೧ರ ಮಾರ್ಚ್ ೧೮ರ ರಾತ್ರಿಯೊಂದರಲ್ಲಿಯೇ ೮೪ರಿಂದ ೯೧ರ ವರೆಗಿನ ಎಂಟನ್ನು ಬರೆದುಕೊಂಡನು. ಅವನಿಗೆ ಅವು ಬರಿಯ ನೀಹಾರಿಕೆಗಳು. ನಮ್ಮ ಕ್ಷೀರಪಥದಂಥ ಗೆಲಕ್ಸಿಗಳೆಂದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಎಲ್ಲವೂ ಸಿಕ್ಕವು, ೯೧ ಒಂದನ್ನು ಬಿಟ್ಟು. ಅವನು ಹೇಳಿದ ಜಾಗದಲ್ಲಿ ಏನೂ ಇಲ್ಲ! ದಾಟಿಹೋಗುತ್ತಿದ್ದ ಧೂಮಕೇತುವನ್ನೇ ಕಂಡಿರಬೇಕೆಂದು ಕೆಲವರು ಊಹಿಸಿದರು. ಧೂಮಕೇತುವಿನ ಗೊಂದಲ ಬೇಡವೆಂದೇ ಪಟ್ಟಿ ಮಾಡಿದವನ ಮೇಲೆ ಇದಕ್ಕಿಂತ ಕಠಿಣವಾದ ಆರೋಪ ಇನ್ನೊಂದಿಲ್ಲ. ಪಾಪ, ಅದೇ ನವೆಂಬರಿನಲ್ಲಿ ಅವನು ಮಂಜುಗಡ್ಡೆ ಕೂಡಿಡುವ ನೆಲಮಾಳಿಗೆಯೊಂದಕ್ಕೆ ಬಿದ್ದು, ಮೂಳೆ ಮುರಿದುಕೊಂಡು, ಒಂದು ವರ್ಷ ಆಕಾಶವನ್ನೇ ನೋಡಲಿಲ್ಲ.

೧೯೬೯ರಲ್ಲಿ ಟೆಕ್ಸಾಸಿನ ಹವ್ಯಾಸಿ ವಿಲಿಯಮ್ಸ್ ಎಂಬವರು ಈ ಗಂಟನ್ನು ಬಿಡಿಸಿದರು. ಮಸುಕು ವಸ್ತುವಿನ ಸ್ಥಾನವನ್ನು, ಮೊದಲೇ ಗೊತ್ತಿರುವ ಇನ್ನೊಂದರಿಂದ ಎಷ್ಟು ದೂರ ಎಂದು ಅಳೆಯುವುದು ಆಗಿನ ಪದ್ಧತಿ. ಮೆಸಿಯೇ ೫೮ನೆಯದರಿಂದ ಅಳೆದೆನೆಂದು ತಿಳಿದು ಲೆಕ್ಕ ಹಾಕಿದ್ದ. ನಿಜವಾಗಿ ಅಳೆದದ್ದು ೮೯ರಿಂದ. ಅದೇ ಅಂತರವನ್ನು ೮೯ಕ್ಕೆ ಕೂಡಿಸಿದರೆ ಮುಕ್ಕಾಲು ಡಿಗ್ರಿಯಷ್ಟು ಉತ್ತರಕ್ಕೆ, ತುಸು ಪಶ್ಚಿಮಕ್ಕೆ ಸರಿದು, ನೇರವಾಗಿ ಒಂದು ಗೆಲಕ್ಸಿಯ ಮೇಲೆ ಬೀಳುತ್ತೇವೆ. ೧೭೮೪ರ ಏಪ್ರಿಲ್ ೮ರಂದು ವಿಲಿಯಂ ಹರ್ಷೆಲನು ಅದನ್ನು ಕಂಡಿದ್ದ. ಡ್ರೇಯರನ ೧೮೮೮ರ ಪಟ್ಟಿಯಲ್ಲಿ ಅದು ೪೫೪೮. ಅಳತೆ ಸರಿ, ಮರ ಮಾತ್ರ ತಪ್ಪು.

ಇದನ್ನು ಓದಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಏಪ್ರಿಲ್ ತಿಂಗಳ ಅಮಾವಾಸ್ಯೆಯ ರಾತ್ರಿ ನನ್ನ ಎಂಟಂಗುಲದ ದೂರದರ್ಶಕವನ್ನು ತಮ್ಮನ ತೋಟದ ಕಣದಲ್ಲಿ ನಿಲ್ಲಿಸಿದೆ. ಸಿಂಹದ ಬಾಲದಲ್ಲಿರುವ ಉತ್ತರೆಯಿಂದ ಪೂರ್ವಕ್ಕೆ ತಡವರಿಸುತ್ತ ಹೋಗಿ ೮೯ನ್ನು ಹಿಡಿದೆ; ಅಲ್ಲಿಂದ ಎರಡು ಡಿಗ್ರಿ ಉತ್ತರಕ್ಕೆ ಸರಿದೆ. ಅರ್ಧ ಗಂಟೆ ದಿಟ್ಟಿಸಿದರೂ ಬರಿಯ ಕತ್ತಲು. ವಿಲಿಯಮ್ಸರ ಮೇಲೆಯೇ ಅನುಮಾನ ಬಂತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಹಿಂದಕ್ಕೆ ಬಂದು ನೋಡುತ್ತೇನೆ: ೮೯ ಗುಂಡಗಿರಬೇಕು, ನಾನು ಹಿಡಿದದ್ದು ನೀಳವಾಗಿದೆ. ಅದು ಪಕ್ಕದ ೯೦! ಮೆಸಿಯೇ ಮಾಡಿದ ತಪ್ಪನ್ನೇ, ಅಚ್ಚಾದ ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡು, ನಾನೂ ಮಾಡಿದ್ದೆ.

ಸರಿಯಾದ ೮೯ರಿಂದ ಮತ್ತೆ ಹೊರಟೆ. ಇಂಥ ಬೆಳಕನ್ನು ನೇರವಾಗಿ ನೋಡಿದರೆ ಕಾಣುವುದಿಲ್ಲ. ನೋಟವನ್ನು ತುಸು ಪಕ್ಕಕ್ಕೆ ಹೊರಳಿಸಿ ಕಡೆಗಣ್ಣಿಗೆ ಬಿಡಬೇಕು. ಹಾಗೆ ಬಿಟ್ಟಾಗ, ಕನ್ನಡಿಯ ಮೇಲೆ ಉಸಿರು ಬಿಟ್ಟಂಥ ಒಂದು ಮಸುಕು ಮೂಡಿತು, ಹೋಯಿತು, ಮತ್ತೆ ಮೂಡಿತು. ಐದು ಕೋಟಿ ವರ್ಷಗಳಿಗೂ ಹಿಂದೆ ಹೊರಟ ಬೆಳಕು. ತಮ್ಮನನ್ನು ಕರೆದು ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿ, “ಏನೂ ಕಾಣ್ಸಲ್ವಲ್ಲೋ ಅಣ್ಣ” ಎಂದು ಮಲಗಲು ಹೋದ.