ಒಂದು ‘ಐತಿಹಾಸಿಕ’ದೊಳಗೆ ಎಷ್ಟು ಅರ್ಥ?

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಐತಿಹಾಸಿಕ. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿ ಸ್ಟೇಶನ್ನಿನ 1507 ಮೀಟರ್ ಪ್ಲಾಟ್‌ಫಾರ್ಮೂ ಐತಿಹಾಸಿಕ. ಯಾರೋ ಇಲೆಕ್ಷನ್ ಗೆದ್ದರೆ ಅದಂತೂ ಐತಿಹಾಸಿಕವೇ ಬಿಡಿ :-)

ಇಂಗ್ಲಿಷಿನವರು ಇಲ್ಲಿ ಎರಡು ಶಬ್ದ ಇಟ್ಟುಕೊಂಡಿದ್ದಾರೆ. ‘ಹಿಸ್ಟಾರಿಕಲ್’ ಅಂದರೆ ಇತಿಹಾಸಕ್ಕೆ ಸಂಬಂಧಪಟ್ಟದ್ದು, ಅಷ್ಟೇ. ಮುತ್ತಜ್ಜನ ಕಾಲದ ಸಾಲದ ಚೀಟಿಯೂ ಹಿಸ್ಟಾರಿಕಲ್. ‘ಹಿಸ್ಟಾರಿಕ್’ ಅಂದರೆ ಇತಿಹಾಸದಲ್ಲಿ ಉಳಿಯುವಷ್ಟು ದೊಡ್ಡದು. ಮೊದಲು ಅವರೂ ಎರಡನ್ನೂ ಬೆರೆಸಿಯೇ ಬಳಸುತ್ತಿದ್ದರು, ಭೇದ ಗಟ್ಟಿಯಾದದ್ದು ಆಮೇಲೆ.

ನಮ್ಮ ಕಡೆಯದೇ ಉದಾಹರಣೆ ತಗೊಳ್ಳಿ. ಗಳಗನಾಥರ ‘ಮಾಧವ ಕರುಣಾವಿಲಾಸ’ ವಿಜಯನಗರದ ಕಥೆ ಹೇಳುವ ಐತಿಹಾಸಿಕ ಕಾದಂಬರಿ. ಇದು ಮೊದಲನೆಯ ಅರ್ಥ. 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತರು. ಅವರ ಜೀವಕ್ಕೇನಾಗುತ್ತದೋ ಎಂದು ಜನ ಹುಬ್ಬಳ್ಳಿಯಲ್ಲಿ ಬೀದಿಗಿಳಿದರು, ಕಾಂಗ್ರೆಸ್ ನಾಯಕರು ಸಿಟ್ಟನ್ನು ಎದುರಿಸಬೇಕಾಯಿತು. ಮೂರು ವರ್ಷಕ್ಕೆ, 1956ರ ನವೆಂಬರ್ 1ಕ್ಕೆ, ರಾಜ್ಯ ಒಂದಾಯಿತು. ಆ ಉಪವಾಸ ಎರಡನೆಯ ಅರ್ಥದ ಐತಿಹಾಸಿಕ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ (1917) ಮಾತ್ರ ಎರಡೂ ಹೌದು: ವಿಷಯ ಹಳೆಯದು, ಆದರೆ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ‘ನಾವೂ ಒಂದು ನಾಡಿನವರು’ ಎನ್ನಿಸಿದ್ದು ಅದು.

ಇಷ್ಟೇ ಆಗಿದ್ದರೆ ತಕರಾರಿಲ್ಲ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬಹುದು. ತೊಂದರೆ ಬರುವುದು ಮೂರನೆಯ ಅರ್ಥದಲ್ಲಿ: ಐತಿಹಾಸಿಕ ಅಂದರೆ ‘ಆಧಾರ ಇರುವುದು’.

ಬಸವಣ್ಣನವರನ್ನೇ ನೋಡಿ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ಅವರ ಹೆಸರಿದೆ. ಅವರು ತೀರಿಕೊಂಡು ಇನ್ನೂ ನೂರು ವರ್ಷ ಆಗಿರಲಿಲ್ಲ. ಧಾರವಾಡದ ಪಿ.ಬಿ. ದೇಸಾಯಿಯವರು ಇಂಥ ಶಾಸನಗಳನ್ನು ಹಿಡಿದೇ ಬಸವಣ್ಣನವರ ಕಾಲದ ಮೇಲೆ ಇಂಗ್ಲಿಷ್ ಪುಸ್ತಕ ಬರೆದರು, ಕರ್ನಾಟಕ ವಿಶ್ವವಿದ್ಯಾಲಯ ಅದನ್ನು 1968ರಲ್ಲಿ ಪ್ರಕಟಿಸಿತು. ಭೀಮಕವಿಯ ‘ಬಸವ ಪುರಾಣ’ದ (1369) ಪವಾಡಗಳಿಗೆ ಅಂಥ ಶಾಸನದ ಆಸರೆ ಇಲ್ಲ. ಒಬ್ಬ ಸಂಶೋಧಕ ‘ಈ ಪವಾಡ ಐತಿಹಾಸಿಕವಲ್ಲ’ ಅಂದರೆ ಅವನು ಹೇಳುವುದು ಇಷ್ಟೇ, ಇದಕ್ಕೆ ದಾಖಲೆ ಸಿಕ್ಕಿಲ್ಲ. ಕೇಳಿದವರ ಕಿವಿಗೆ ಮಾತ್ರ ‘ಇದೇನು ದೊಡ್ಡದಲ್ಲ’ ಎಂದು ಬೀಳುತ್ತದೆ. ಆಮೇಲೆ ಜಗಳ ಶುರು! ಏಳುನೂರು ವರ್ಷ ಜನರ ಮನಸ್ಸಿನಲ್ಲಿ ನಿಂತ ಕಥೆ ಸಣ್ಣದು ಎಂದು ಆ ಸಂಶೋಧಕನೂ ಹೇಳಿರುವುದಿಲ್ಲ.

‘ಚಾರಿತ್ರಿಕ’ವನ್ನು ಒಂದಕ್ಕೆ, ‘ಐತಿಹಾಸಿಕ’ವನ್ನು ಇನ್ನೊಂದಕ್ಕೆ ಹಂಚಬಹುದಲ್ಲ ಅನ್ನಬಹುದು. ನನಗೇನೋ ಅದು ಸರಿಬರಲಿಲ್ಲ, ಎರಡೂ ಸಂಸ್ಕೃತದ ಅಕ್ಕ-ತಂಗಿಯರು, ಕಿವಿಗೆ ಒಂದೇ. ನಾನಂತೂ ಈಗ ಬಿಡಿಸಿಯೇ ಬರೆಯುತ್ತೇನೆ: ‘ಹಳೆಯ ಕಾಲದ’, ‘ದಿಕ್ಕು ಬದಲಿಸಿದ’, ‘ದಾಖಲೆ ಇರುವ’. ನಿಮ್ಮ ಕಡೆ ಇದಕ್ಕೆ ಬೇರೆ ಮಾತು ಇದ್ದರೆ ಹೇಳ್ರಿ.